ಎದುರಾಳಿಯ ವಾದವನ್ನು ಅವರೇ ತಲೆದೂಗುವಂತೆ ಹೇಳಬಲ್ಲಿರಾ?

ಗಾಂಧಿಬಜಾರು ವಾಸಿ

ಬೆಂಗಳೂರಿನಲ್ಲಿ ರಾಜಕೀಯ ಮಾತನಾಡುವವರಿಗೆ ಬರವಿಲ್ಲ. ದರ್ಶಿನಿಯ ಮುಂದೆ ನಿಂತು ಕಾಫಿ ಕುಡಿಯುವವರು, ಲಾಲ್‌ಬಾಗಿನಲ್ಲಿ ನಡೆದು ದಣಿದು ಬೆಂಚು ಹಿಡಿದವರು, ಮದುವೆ ಮನೆಯಲ್ಲಿ ಎರಡನೆಯ ಪಂಕ್ತಿಗೆ ಕಾಯುತ್ತಿರುವವರು, ಎಲ್ಲರ ಬಾಯಲ್ಲೂ ಅದೇ. ಆದರೆ ಮಾತು ನಡೆಯುವುದು ತಮ್ಮ ಅಭಿಪ್ರಾಯದವರ ನಡುವೆ. ಬೇರೆಯವರು ಬಂದು ಕುಳಿತರೆ ವಿಷಯ ಟ್ರಾಫಿಕ್ಕಿಗೋ ಮಳೆಗೋ ಹೊರಳುತ್ತದೆ. ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಂತೂ 'ರಾಜಕೀಯ ಬೇಡ' ಎಂಬ ಕಟ್ಟಳೆಯೇ ಇದೆ. ಅದರ ಪಾಲನೆ ಹೀಗಿದೆ: ಹಿರಿಯರೊಬ್ಬರು ದಿನವೂ ಬೆಳಿಗ್ಗೆ ಏನಾದರೊಂದು ಫಾರ್ವರ್ಡ್ ಮಾಡುತ್ತಾರೆ, ಉತ್ತರಿಸಲು ಹೋದವರಿಗೆ ಕಟ್ಟಳೆಯನ್ನು ನೆನಪಿಸಲಾಗುತ್ತದೆ.

ನನ್ನ ಪ್ರಸ್ತಾಪ ಇಷ್ಟೆ. ಒಬ್ಬರ ನಿಲುವನ್ನು ಖಂಡಿಸುವ ಮೊದಲು ಆ ನಿಲುವನ್ನು ನಮ್ಮ ಮಾತಿನಲ್ಲಿ ಹೇಳಬೇಕು. 'ಹೌದು, ನಾನು ಹೇಳುತ್ತಿರುವುದು ಇದೇ' ಎಂದು ಅವರು ಒಪ್ಪುವವರೆಗೆ ಖಂಡನೆಗೆ ಇಳಿಯಬಾರದು. ಇದು ಹೊರಗಿನಿಂದ ತಂದ ಉಪಾಯವೇನಲ್ಲ. ನಮ್ಮ ಭಾಷ್ಯಕಾರರು ಪೂರ್ವಪಕ್ಷವನ್ನು, ಅಂದರೆ ಎದುರಾಳಿಯ ವಾದವನ್ನು ಹೇಳದೆ ಸಿದ್ಧಾಂತಕ್ಕೆ, ಅಂದರೆ ತಮ್ಮ ನಿಲುವಿಗೆ, ಕೈ ಹಾಕುತ್ತಿರಲಿಲ್ಲ. ನ್ಯಾಯದರ್ಶನದವರು ಚರ್ಚೆಯಲ್ಲಿ ಮೂರು ಬಗೆ ಗುರುತಿಸಿದ್ದರು: ನಿಜ ತಿಳಿಯುವುದಕ್ಕಾಗಿ ಮಾಡುವ ವಾದ, ಗೆಲ್ಲುವುದಕ್ಕಾಗಿ ಮಾಡುವ ಜಲ್ಪ, ತನ್ನದೇನನ್ನೂ ಸ್ಥಾಪಿಸದೆ ಎದುರಿನದನ್ನು ಕೆಡವುವ ವಿತಂಡ. ರಾತ್ರಿ ಒಂಬತ್ತರ ಟೀವಿ ಚರ್ಚೆಗೆ ಜಲ್ಪ ಎಂದರೂ ಅದು ಔದಾರ್ಯವೇ.

ಈ ಊರಿಗೆ ಇಂಥ ಅಭ್ಯಾಸ ಇತ್ತು ಎಂಬುದನ್ನೂ ಹೇಳಬೇಕು. ಡಿ.ವಿ. ಗುಂಡಪ್ಪನವರು 1945ರಲ್ಲಿ ಬಸವನಗುಡಿಯಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದರು. ಪಕ್ಷದ ಗುರುತಿಲ್ಲದವರೂ ಸಾರ್ವಜನಿಕ ವಿಷಯಗಳನ್ನು ಓದಿ ಚರ್ಚಿಸಲು ಒಂದು ಜಾಗ ಬೇಕು ಎಂಬುದು ಅವರ ಯೋಚನೆಯಾಗಿತ್ತು. ಅಲ್ಲಿಂದ ಸ್ವಲ್ಪವೇ ದೂರದ ನ್ಯಾಷನಲ್ ಕಾಲೇಜಿನಲ್ಲಿ ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆಯನ್ನು ಆರಂಭಿಸಿದರು. ಒಬ್ಬರದು ಸಂಪ್ರದಾಯದ ಒಳಗಿನಿಂದಲೇ ಹೊರಟ ವಿಚಾರ, ಇನ್ನೊಬ್ಬರು ಖಾದಿ ತೊಟ್ಟ ವಿಚಾರವಾದಿ. ಇಬ್ಬರಿಗೂ ಸಭಿಕರ ಪ್ರಶ್ನೆಯೆಂದರೆ ಭಯವಿರಲಿಲ್ಲ.

ನಿಮ್ಮಲ್ಲಿ ಯಾರಾದರೂ ಈ ರೀತಿ ಮಾಡಿ ನೋಡಿದ್ದೀರಾ? ಫಲ ಸಿಕ್ಕಿತೆ?

ಬೆಳ್ಳಂದೂರು ಕೋಡಿ

ಒಂದು ಸಣ್ಣ ತಕರಾರು. ಭಾಷ್ಯಗಳ ಪೂರ್ವಪಕ್ಷವನ್ನು ಬರೆದವರು ಯಾರು? ಸಿದ್ಧಾಂತ ಬರೆದವರೇ. 'ಹೌದು, ನನ್ನ ವಾದ ಇದೇ' ಎಂದು ಹೇಳಲು ಎದುರಾಳಿ ಅಲ್ಲಿರಲಿಲ್ಲ. ಪರಲೋಕವನ್ನು ಒಪ್ಪದ ಚಾರ್ವಾಕರನ್ನೇ ನೋಡಿ. ಅವರ ಸ್ವಂತ ಗ್ರಂಥಗಳು ಹೆಚ್ಚುಕಡಿಮೆ ಅಳಿದುಹೋಗಿ, ಇವತ್ತು ಅವರ ಬಗ್ಗೆ ನಮಗೆ ಗೊತ್ತಿರುವ ಬಹುಪಾಲು ಅವರನ್ನು ಖಂಡಿಸಿದವರ ಪೂರ್ವಪಕ್ಷದಿಂದ ಬಂದದ್ದು. ಸಾಲ ಮಾಡಿ ತುಪ್ಪ ಕುಡಿಯುವವರು ಎಂದೇ ಅವರಿಗೆ ಹೆಸರು ಉಳಿಯಿತು. ನಿಮ್ಮ ನಿಯಮದಲ್ಲಿ ಹೊಸತಾಗಿರುವುದು ಎದುರಿನವರ ಒಪ್ಪಿಗೆ ಬೇಕು ಎಂಬ ಭಾಗ. ಅದಕ್ಕೆ ಪರಂಪರೆಯ ಬೆಂಬಲ ಹುಡುಕುವುದು ಬೇಡ. ಹೊಸತು ಎಂದೇ ಒಪ್ಪಿಕೊಳ್ಳೋಣ.

ಗಾಂಧಿಬಜಾರು ವಾಸಿ

ಒಪ್ಪಿದೆ. ಒಪ್ಪಿಗೆಯ ಭಾಗವೇ ಮುಖ್ಯ.

ಕೆಂಗೇರಿ ಉಪನ್ಯಾಸಕಿ

ಪ್ರಸ್ತಾಪ ಚೆನ್ನಾಗಿದೆ, ಅದರ ಬೆಲೆ ಎಲ್ಲರಿಗೂ ಒಂದೇ ಅಲ್ಲ ಎಂಬುದನ್ನು ಯಾರಾದರೂ ಹೇಳಬೇಕು, ನಾನೇ ಹೇಳುತ್ತೇನೆ.

ನಾನು ದಲಿತ ಕುಟುಂಬದವಳು. ನಮ್ಮ ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ಮೀಸಲಾತಿಯ ಮಾತು ವರ್ಷಕ್ಕೊಮ್ಮೆಯಾದರೂ ಏಳುತ್ತದೆ, ಸಾಮಾನ್ಯವಾಗಿ ಪ್ರವೇಶಾತಿಯ ದಿನಗಳಲ್ಲಿ. ಸಹೋದ್ಯೋಗಿಯೊಬ್ಬರು ಬಹಳ ಸೌಜನ್ಯದಿಂದ, 'ಮೇಡಂ, ಭಾವುಕರಾಗದೆ ಚರ್ಚಿಸೋಣ' ಎನ್ನುತ್ತಾರೆ. ಅವರ ಪಾಲಿಗೆ ಅದೊಂದು ಅಭಿಪ್ರಾಯ. ಸಂಜೆ ಮನೆಗೆ ಹೋದರೆ ಮುಗಿಯಿತು. ನನ್ನ ಪಾಲಿಗೆ ಅದು ನನ್ನ ನೇಮಕಾತಿ ಪತ್ರ, ನನ್ನ ತಮ್ಮನ ಹಾಸ್ಟೆಲು, ನಮ್ಮ ತಾಯಿ ಕೂಲಿಯಿಂದ ಹೊರಬಂದ ದಾರಿ. ಇಷ್ಟಾದರೂ ಅವರ ವಾದವನ್ನು ಅವರು ತಲೆದೂಗುವಂತೆ ನಾನು ಹೇಳಬಲ್ಲೆ. ಪ್ರತಿಭೆ, ದಕ್ಷತೆ, ಆರ್ಥಿಕ ಮಾನದಂಡ, ಕೆನೆಪದರ, ಒಂದು ತಲೆಮಾರಿಗೆ ಸಾಕು ಎಂಬುದು, ಎಲ್ಲವನ್ನೂ ಅವರಿಗಿಂತ ಚೊಕ್ಕವಾಗಿ. ಹೈಸ್ಕೂಲಿನಿಂದ ಕೇಳಿ ಕೇಳಿ ಬಾಯಿಪಾಠವಾಗಿದೆ. ನನ್ನ ವಾದವನ್ನು ಹೇಳಿ ಎಂದು ಅವರನ್ನು ಕೇಳಿದರೆ, 'ಹಿಂದೆ ಅನ್ಯಾಯವಾಗಿದೆ, ಅದಕ್ಕೆ ಪರಿಹಾರ' ಎನ್ನುತ್ತಾರೆ. ಅಷ್ಟೇ. ಹಿಂದೆ! ಇದೇ ಬೆಂಗಳೂರಿನಲ್ಲಿ, ಮನೆ ಬಾಡಿಗೆಗೆ ಇದೆ ಎಂಬ ಫಲಕ ನೋಡಿ ಹೋದಾಗ, ಅಡುಗೆಮನೆ ತೋರಿಸುವ ಮೊದಲೇ 'ನೀವು ಯಾವ ಜನ?' ಎಂದು ಕೇಳಿಸಿಕೊಂಡಿದ್ದೇನೆ. ನೇರವಾಗಿ ಕೇಳಲು ಸಂಕೋಚಪಡುವವರು 'ನಿಮ್ಮ ಮನೆಯಲ್ಲಿ ಏನೇನು ಅಡುಗೆ ಮಾಡುತ್ತೀರಿ?' ಎನ್ನುತ್ತಾರೆ. ಉತ್ತರ ಹೇಳಿದ ಮೇಲೆ ಮನೆ ಬೇರೆಯವರಿಗೆ ಮಾತಾಗಿರುತ್ತದೆ.

ಆದ್ದರಿಂದ ನನ್ನ ತಿದ್ದುಪಡಿ ಇದು: ನಿಯಮವಿರಲಿ, ಆದರೆ ಮೊದಲು ಮಾತನಾಡಬೇಕಾದವರು ಆ ವಿಷಯದಲ್ಲಿ ಕಳೆದುಕೊಳ್ಳುವುದು ಕಡಿಮೆ ಇರುವವರು. ನಾನು ಅವರ ವಾದವನ್ನು ಒಪ್ಪಿಸುವ ಪರೀಕ್ಷೆಯನ್ನು ಬೇಕಾದಷ್ಟು ಸಲ ಬರೆದಿದ್ದೇನೆ. ಈಗ ಅವರ ಸರದಿ.

ಟ್ಯಾನರಿ ರಸ್ತೆ

ಮೇಡಂ ಹೇಳಿದ್ದಕ್ಕೆ ಒಂದು ಸಾಲು ಸೇರಿಸುತ್ತೇನೆ. ನನ್ನಂಥ ಮುಸ್ಲಿಮನು ಚರ್ಚೆಗೆ ಕುಳಿತರೆ ಮೊದಲು ಪ್ರವೇಶ ಶುಲ್ಕ ಕೊಡಬೇಕು. ಎಲ್ಲೋ ಯಾರೋ ಮಾಡಿದ ಒಂದು ಕೃತ್ಯವನ್ನು ಖಂಡಿಸುತ್ತೀರಾ, ಇಲ್ಲವೇ? ಖಂಡಿಸಿದ ಮೇಲೆ ಇನ್ನೊಂದು ಬರುತ್ತದೆ. ನಾನು ಬಂದಿದ್ದು ನಮ್ಮ ವಾರ್ಡಿನ ಕಸದ ವಿಷಯ ಮಾತನಾಡಲು.

ವೈಟ್‌ಫೀಲ್ಡ್ ಲೆಕ್ಕಿಗ

ನನಗೆ ಅಂಕಿಅಂಶಗಳ ಹುಚ್ಚು. ಇಂಥ ಮಾತುಕತೆಯಿಂದ ಮನಸ್ಸು ಬದಲಾಗುತ್ತದೆಯೇ ಎಂದು ಪ್ರಯೋಗ ಮಾಡಿ ನೋಡಿದವರಿದ್ದಾರೆ, ಮೂರನ್ನು ಹೇಳುತ್ತೇನೆ.

2018ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಕ್ರಿಸ್ ಬೈಲ್ ಮತ್ತು ಸಂಗಡಿಗರು ಅಮೆರಿಕದ ಟ್ವಿಟರ್ ಬಳಕೆದಾರರಿಗೆ ಹಣ ಕೊಟ್ಟು, ಒಂದು ತಿಂಗಳು ಎದುರು ಪಂಥದ ಬರಹಗಳನ್ನು ಓದಿಸಿದರು. ರಿಪಬ್ಲಿಕನ್ನರು ಮೆತ್ತಗಾಗುವ ಬದಲು ತಮ್ಮ ನಿಲುವಿನಲ್ಲಿ ಇನ್ನಷ್ಟು ಗಟ್ಟಿಯಾದರು. ಬರೀ 'ಬೇರೆಯವರದ್ದನ್ನೂ ಓದಿ' ಎಂಬ ಉಪದೇಶದ ಗತಿ ಇದು.

ಡೇವಿಡ್ ಬ್ರೂಕ್‌ಮನ್ ಮತ್ತು ಜೋಶುವಾ ಕಲ್ಲಾ ಅಮೆರಿಕದ ಮಯಾಮಿಯಲ್ಲಿ ಮಾಡಿ 2016ರಲ್ಲಿ ಪ್ರಕಟಿಸಿದ ಪ್ರಯೋಗ ಬೇರೆ ಬಗೆಯದು. ಕಾರ್ಯಕರ್ತರು ಮನೆ ಬಾಗಿಲಿಗೆ ಹೋಗಿ ಸುಮಾರು ಹತ್ತು ನಿಮಿಷ ಮಾತನಾಡಿದರು. ವಾದ ಹೂಡದೆ, ತೀರ್ಪು ಕೊಡದೆ, 'ಬೇರೆಯವರಂತಲ್ಲ ಎಂದು ನಿಮ್ಮನ್ನು ಯಾರಾದರೂ ಕೀಳಾಗಿ ಕಂಡದ್ದುಂಟೆ?' ಎಂಬಂಥ ಪ್ರಶ್ನೆ ಕೇಳಿ ಕೇಳಿಸಿಕೊಂಡರು. ತೃತೀಯಲಿಂಗಿಗಳ ಬಗೆಗಿನ ಪೂರ್ವಗ್ರಹ ಕಡಿಮೆಯಾಯಿತು. ಮೂರು ತಿಂಗಳ ಮೇಲೂ ಆ ಬದಲಾವಣೆ ಉಳಿದಿತ್ತು.

ಮೂರನೆಯದು ನಮ್ಮ ದೇಶದ್ದೇ. ಮ್ಯಾಟ್ ಲೋ ಎಂಬ ಅರ್ಥಶಾಸ್ತ್ರಜ್ಞ ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಕ್ರಿಕೆಟ್ ಪಂದ್ಯಾವಳಿ ನಡೆಸಿ, ಬೇರೆ ಬೇರೆ ಜಾತಿಯ ಯುವಕರನ್ನು ಕೆಲವೆಡೆ ಒಂದೇ ತಂಡಕ್ಕೆ ಹಾಕಿದ, ಕೆಲವೆಡೆ ಎದುರು ಬದುರು ಆಡಿಸಿದ. ಒಂದೇ ತಂಡದಲ್ಲಿ ಆಡಿದವರಲ್ಲಿ ಜಾತಿ ಮೀರಿದ ಗೆಳೆತನ ಹೆಚ್ಚಿತು. ಎದುರಾಳಿಗಳಾಗಿ ಆಡಿದವರಲ್ಲಿ ಅಂಥ ಲಾಭ ಕಾಣಲಿಲ್ಲ.

ಹಾಗಾಗಿ ಚರ್ಚೆ ಎಂದು ಎದುರು ಬದುರು ಕೂರಿಸುವುದರ ಬಗ್ಗೆಯೇ ನನಗೆ ಅನುಮಾನ. ಸೇರಿ ಮಾಡುವ ಕೆಲಸವೊಂದು ನಡುವೆ ಇರಬೇಕು.

ಮಾಗಡಿ ರಸ್ತೆ ಮೇಷ್ಟ್ರು

ನಿವೃತ್ತ ಇತಿಹಾಸ ಅಧ್ಯಾಪಕ. ಲೆಕ್ಕಿಗರೇ, ನೀವು ಮಯಾಮಿಗೆ ಹೋಗಿಬಂದಿರಿ; ನಾನು ಮಾಗಡಿಗೆ ಹೋಗುತ್ತೇನೆ.

ಮಾಗಡಿ ತಾಲ್ಲೂಕಿನ ಕಲ್ಯದಲ್ಲಿ ಒಂದು ಶಾಸನವಿದೆ, 1368ರದು, ಬುಕ್ಕರಾಯನ ಕಾಲದ್ದು. ಅದೇ ಒಡಂಬಡಿಕೆಯ ಇನ್ನೊಂದು ಪ್ರತಿ ಶ್ರವಣಬೆಳಗೊಳದಲ್ಲಿದೆ. ಶ್ರೀವೈಷ್ಣವರಿಂದ ತಮಗೆ ಅನ್ಯಾಯವಾಗುತ್ತಿದೆ ಎಂದು ಆನೆಗೊಂದಿ, ಪೆನುಗೊಂಡೆ ಮೊದಲಾದ ಕಡೆಯ ಜೈನರು ರಾಜನಿಗೆ ದೂರು ಕೊಟ್ಟಿದ್ದರು. ರಾಜ ಎರಡೂ ಕಡೆಯ ಮುಖ್ಯಸ್ಥರನ್ನು ಕರೆಸಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಈ ಎರಡು ದರ್ಶನಗಳಿಗೆ ಭೇದವಿಲ್ಲ ಎಂದ. ಪಠ್ಯಪುಸ್ತಕ ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತದೆ, ಭಾಷಣಕಾರರೂ ಇಲ್ಲಿಗೆ ನಿಲ್ಲುತ್ತಾರೆ. ಕಲ್ಲು ನಿಲ್ಲುವುದಿಲ್ಲ. ಮುಂದಕ್ಕೆ ಓದಿ.

ಜೈನರಿಗೆ ಗೌರವದ ಗುರುತಾದ ಪಂಚಮಹಾವಾದ್ಯ ಮತ್ತು ಕಲಶದ ಹಕ್ಕು ಹಿಂದಿನಂತೆಯೇ ಸಲ್ಲಬೇಕು. ಜೈನರಿಗೆ ಆದ ಹಾನಿಯನ್ನು ವೈಷ್ಣವರು ತಮಗಾದ ಹಾನಿ ಎಂದೇ ತಿಳಿಯಬೇಕು. ಬೆಳಗೊಳದ ದೇವರ ರಕ್ಷಣೆಗೆ ಇಪ್ಪತ್ತು ಮಂದಿ ಕಾವಲಾಳುಗಳನ್ನು ನೇಮಿಸಬೇಕು. ಅದಕ್ಕೆ ಜೈನರ ಮನೆಮನೆಯಿಂದ ವರ್ಷಕ್ಕೊಂದು ಹಣ ಎತ್ತಬೇಕು. ಉಳಿದುದರಲ್ಲಿ ಹಾಳಾದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ಇದನ್ನು ನಡೆಸುವ ಹೊಣೆ ತಿರುಮಲೆಯ ತಾತಯ್ಯನದು, ಅಂದರೆ ವೈಷ್ಣವರ ಕಡೆಯವನದು. ಶಾಸನವನ್ನು ಬಸದಿಗಳಲ್ಲಿ ನೆಡಿಸುವುದೂ ವೈಷ್ಣವರ ಕೆಲಸ. ಕಟ್ಟಳೆ ಮುರಿದವನು ರಾಜದ್ರೋಹಿ.

ಯಾರ ತತ್ತ್ವ ಸರಿ ಎಂಬ ಚರ್ಚೆ ಅಲ್ಲಿಲ್ಲ. ಆತ್ಮ, ಮೋಕ್ಷ, ಈಶ್ವರ ಯಾವುದರ ಬಗ್ಗೆಯೂ ಒಬ್ಬರು ಇನ್ನೊಬ್ಬರನ್ನು ಒಪ್ಪಿಸಿಲ್ಲ. ಯಾರು ಏನು ಊದಬಹುದು, ಯಾರು ಕಾಯಬೇಕು, ಹಣ ಎಲ್ಲಿಂದ, ಹೊಣೆ ಯಾರದು, ಇಷ್ಟನ್ನು ತೀರ್ಮಾನಿಸಿ ಕಲ್ಲಿಗೆ ಹಾಕಿದರು. ರಾಜನ ಸಾಲಿಗಿಂತ ಆ ಇಪ್ಪತ್ತು ಕಾವಲಾಳುಗಳ ಸಾಲು ನನಗೆ ಹೆಚ್ಚು ಪ್ರಿಯ. ಸದ್ಭಾವನೆಯ ಮಾತನಾಡುವವರು ಕಾವಲಿನ ಮಾತನ್ನು ಮರೆಯುತ್ತಾರೆ.

ಕೆಂಗೇರಿ ಉಪನ್ಯಾಸಕಿ

ಮೇಷ್ಟ್ರೇ, ಬಹಳ ಚೆನ್ನಾಗಿ ಹೇಳಿದಿರಿ. ಆದರೆ ಅನ್ಯಾಯಕ್ಕೊಳಗಾದವರೇ ತಮ್ಮ ಕಾವಲಿನ ಖರ್ಚನ್ನೂ ಕೊಟ್ಟರು ಎಂಬುದನ್ನು ಗಮನಿಸಿದಿರಾ? ಕಾವಲು ಜೈನರ ದೇವರಿಗೆ, ಹಣ ಜೈನರದು, ಯಜಮಾನಿಕೆ ವೈಷ್ಣವರದು. 1368ರಿಂದ ಇಲ್ಲಿಯವರೆಗೆ ಈ ಲೆಕ್ಕ ಬಹಳ ಬದಲಾಗಿಲ್ಲ ಎಂದು ನನಗನ್ನಿಸುತ್ತದೆ.

ಮಾಗಡಿ ರಸ್ತೆ ಮೇಷ್ಟ್ರು

ಗಮನಿಸಿದ್ದೆ, ಇಷ್ಟು ಹರಿತವಾಗಿ ನೋಡಿರಲಿಲ್ಲ. ಹಣ ಅವರದು, ಹೊಣೆ ಇವರದು ಎಂಬುದನ್ನು ರಾಜ ಜಾಣತನವೆಂದು ಎಣಿಸಿರಬಹುದು: ಕಳುವಾದರೆ ಉತ್ತರ ಹೇಳಬೇಕಾದವನು ತಾತಯ್ಯ. ನಿಮ್ಮ ಆಕ್ಷೇಪ ಹಾಗೆಯೇ ನಿಲ್ಲುತ್ತದೆ.

ಶೇಷಾದ್ರಿಪುರದ ಹಳಬ

ಸೇರಿ ಇರುವುದರಿಂದ ಮನಸ್ಸು ಸೇರುತ್ತದೆ ಎನ್ನುವವರು ಒಮ್ಮೆ ಫ್ರೀಡಂ ಪಾರ್ಕಿಗೆ ಹೋಗಿಬನ್ನಿ. ಅದು ಹಳೆಯ ಸೆಂಟ್ರಲ್ ಜೈಲು, 2008ರಲ್ಲಿ ಉದ್ಯಾನವಾಯಿತು. ತುರ್ತುಪರಿಸ್ಥಿತಿ ಘೋಷಣೆಯಾದಾಗ ಸಂಸದೀಯ ಸಮಿತಿಯ ಕೆಲಸಕ್ಕೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಆಡ್ವಾಣಿ, ಮಧು ದಂಡವತೆ ಇಲ್ಲಿಯೇ ಬಂಧಿತರಾದರು. ಮೊದಲಿಬ್ಬರು ಜನಸಂಘ, ಮೂರನೆಯವರು ಸಮಾಜವಾದಿ. ರಂಗಭೂಮಿಯ ಸ್ನೇಹಲತಾ ರೆಡ್ಡಿ ಇದೇ ಜೈಲಿನಲ್ಲಿ ಆಸ್ತಮಾದಿಂದ ನರಳಿ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು.

ಒಂದೇ ಗೋಡೆಯೊಳಗೆ ಇದ್ದವರು ಹೊರಬಂದು 1977ರಲ್ಲಿ ಜನತಾ ಪಕ್ಷವೆಂಬ ಒಂದೇ ಪಕ್ಷವಾದರು. ಮೂರು ವರ್ಷ ತುಂಬುವುದರೊಳಗೆ, ಜನಸಂಘದಿಂದ ಬಂದವರು ಆರೆಸ್ಸೆಸ್ ಸದಸ್ಯತ್ವವನ್ನೂ ಇಟ್ಟುಕೊಳ್ಳಬಹುದೇ ಎಂಬ ಪ್ರಶ್ನೆಯ ಮೇಲೆ ಒಡೆದರು. ಪರಿಚಯ ಇತ್ತು, ಗೌರವವೂ ಇತ್ತು. ಭಿನ್ನಾಭಿಪ್ರಾಯ ಮಾತ್ರ ಇದ್ದಲ್ಲೇ ಇತ್ತು. ಅದರಲ್ಲಿ ತಪ್ಪೇನೂ ಇಲ್ಲ ಎನ್ನುವವನು ನಾನು. ಮಾತುಕತೆಯ ಫಲವನ್ನು ಒಮ್ಮತದಲ್ಲಿ ಹುಡುಕಬೇಡಿ.

ಗಾಂಧಿಬಜಾರು ವಾಸಿ

ಹಾಗಾದರೆ ಎಲ್ಲಿ ಹುಡುಕಬೇಕು?

ಕೆಂಗೇರಿ ಉಪನ್ಯಾಸಕಿ

ಸಂವಿಧಾನ ಸಭೆಯ ಕಡತದಲ್ಲಿ ಹುಡುಕಿ. ಕರಡಿಗೆ 7,635 ತಿದ್ದುಪಡಿಗಳು ಬಂದವು, ಅವುಗಳಲ್ಲಿ 2,473 ಸಭೆಯಲ್ಲಿ ಮಂಡನೆಯಾದವು. 1949ರ ನವೆಂಬರ್ 25ರ ಕೊನೆಯ ಭಾಷಣದಲ್ಲಿ ಅಂಬೇಡ್ಕರ್ ಈ ಲೆಕ್ಕವನ್ನು ತಾವೇ ಕೊಟ್ಟರು. ಅಷ್ಟೇ ಅಲ್ಲ, ಹೆಜ್ಜೆಹೆಜ್ಜೆಗೂ ತಮ್ಮನ್ನು ಕಾಡಿದವರನ್ನು ಹೆಸರು ಹಿಡಿದು ನೆನೆದರು. ಆ ಪಟ್ಟಿಯಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್ ಇದ್ದಾರೆ, ಕೆ.ಟಿ. ಶಾ ಇದ್ದಾರೆ. ಇವರ ಸಲಹೆಗಳನ್ನು ನಾನು ಒಪ್ಪಲಿಲ್ಲವೆಂದು ಅವುಗಳ ಬೆಲೆ ಕಡಿಮೆಯಾಗುವುದಿಲ್ಲ ಎಂಬ ಅರ್ಥದ ಮಾತನ್ನಾಡಿದರು. ನೋಡಿ, ಬಹುಪಾಲನ್ನು ಒಪ್ಪಲಿಲ್ಲ! ಆದರೆ ಆಕ್ಷೇಪಕ್ಕೆ ಸಭೆಯ ಮುಂದೆಯೇ ಉತ್ತರ ಕೊಡಬೇಕಿತ್ತು, ಉತ್ತರ ದಾಖಲಾಗುತ್ತಿತ್ತು, ಆಮೇಲೆ ಮತಕ್ಕೆ ಹೋಗುತ್ತಿತ್ತು. ಕಾಮತರಿಗೂ ಅಂಬೇಡ್ಕರರಿಗೂ ಒಂದೊಂದೇ ಮತ.

ಅಧ್ಯಾಪಕರ ಕೊಠಡಿಯ ಚರ್ಚೆಗೂ ಇದಕ್ಕೂ ಇರುವ ವ್ಯತ್ಯಾಸ ಸೌಜನ್ಯದ್ದಲ್ಲ. ಅಲ್ಲಿ ತೀರ್ಮಾನವಾಗಬೇಕಾದದ್ದು ಏನೂ ಇಲ್ಲ. ನಾನು ಸೋತರೆ ಅವಮಾನ, ಗೆದ್ದರೆ 'ಮೇಡಂಗೆ ಬೇಗ ಸಿಟ್ಟು ಬರುತ್ತದೆ'.

ಟ್ಯಾನರಿ ರಸ್ತೆ

ತೀರ್ಮಾನಿಸುವ ಜಾಗವೇ ಈ ಊರಿನಲ್ಲಿ ಇಲ್ಲವಾಯಿತಲ್ಲ. ಪಾಲಿಕೆಯ ಚುನಾಯಿತ ಸದಸ್ಯರ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್‌ನಲ್ಲಿ. ಆಮೇಲೆ ವರ್ಷವರ್ಷವೂ ಚುನಾವಣೆ ಮುಂದಕ್ಕೆ ಹೋಯಿತು, ವಾರ್ಡುಗಳ ಸಂಖ್ಯೆ ಬದಲಾಯಿತು, 2025ರಲ್ಲಿ ಪಾಲಿಕೆಯೇ ಐದು ಹೋಳಾಯಿತು. ಮೊದಲಾದರೆ ನಮ್ಮ ಬೀದಿಯ ಚರಂಡಿಗಾಗಿ, ನಾನು ಹಾಕಿದ ಪಕ್ಷಕ್ಕೆ ಮತ ಹಾಕದವರ ಜೊತೆಗೂ ನಾನು ಕಾರ್ಪೊರೇಟರ್ ಮನೆಗೆ ಹೋಗುತ್ತಿದ್ದೆ. ಅಲ್ಲಿ ಕಾಯುತ್ತಾ ಕುಳಿತಾಗ ಎಷ್ಟೋ ಮಾತು ಬರುತ್ತಿತ್ತು. ಈಗ ಅಧಿಕಾರಿಗೆ ಆ್ಯಪಿನಲ್ಲಿ ದೂರು ಕೊಟ್ಟು, ಉಳಿದ ಹೊತ್ತನ್ನು ದೆಹಲಿಯ ವಿಷಯಕ್ಕೆ ಜಗಳವಾಡುತ್ತಾ ಕಳೆಯುತ್ತೇವೆ.

ವೈಟ್‌ಫೀಲ್ಡ್ ಲೆಕ್ಕಿಗ

ಇದು ನನಗೆ ಹೊಳೆದಿರಲಿಲ್ಲ. ಐರ್ಲೆಂಡಿನಲ್ಲಿ ಗರ್ಭಪಾತದ ವಿಷಯಕ್ಕೆ ಲಾಟರಿಯ ಮಾದರಿಯಲ್ಲಿ ಆಯ್ದ 99 ಮಂದಿ ಸಾಮಾನ್ಯ ನಾಗರಿಕರನ್ನು ಒಬ್ಬ ನ್ಯಾಯಾಧೀಶೆಯ ಅಧ್ಯಕ್ಷತೆಯಲ್ಲಿ ಕೂರಿಸಿ, ತಜ್ಞರಿಂದಲೂ ಎರಡೂ ಕಡೆಯ ಸಂಘಟನೆಗಳಿಂದಲೂ ಮಾತು ಕೇಳಿಸಿದರು. 2018ರ ಮೇ ತಿಂಗಳ ಜನಮತಗಣನೆಯಲ್ಲಿ ಶೇ 66ರಷ್ಟು ಮಂದಿ ಸಂವಿಧಾನದಲ್ಲಿದ್ದ ಗರ್ಭಪಾತದ ನಿಷೇಧ ತೆಗೆಯಲು ಮತ ಹಾಕಿದರು. ಅಲ್ಲಿಯೂ ಮಾತಿನ ಕೊನೆಗೊಂದು ಮತಪೆಟ್ಟಿಗೆ ಇತ್ತು.

ಪೀಣ್ಯದ ಫಿಟ್ಟರ್

ಎಲ್ಲವನ್ನೂ ಓದಿದೆ. ಶಾಸನ, ಸಂಶೋಧನೆ, ಐರ್ಲೆಂಡು ಎಲ್ಲವೂ ಆಯಿತು. ಈಜು ಕಲಿಸುವವರು ದಡದಲ್ಲೇ ನಿಂತು ಮಾತನಾಡಿದಂತಿದೆ. ಒಂದು ವಿಷಯ ಹಿಡಿದು ಮಾಡಿ ತೋರಿಸೋಣ. ನಾನೇ ವಿಷಯ ಕೊಡುತ್ತೇನೆ: ಖಾಸಗಿ ಕಂಪನಿಗಳಲ್ಲಿ ಸ್ಥಳೀಯರಿಗೆ ಕೆಲಸ ಮೀಸಲಿಡುವ ಮಸೂದೆ. 2024ರ ಜುಲೈನಲ್ಲಿ ಸಂಪುಟ ಒಪ್ಪಿತು. ಆಡಳಿತ ವರ್ಗದ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70. ಉದ್ಯಮಿಗಳು ಕೂಗೆಬ್ಬಿಸಿದ ಮೇಲೆ ಎರಡು ಮೂರು ದಿನದಲ್ಲೇ ತಡೆಹಿಡಿದರು. ನಾನು ಮಸೂದೆಯ ಪರ. ಬೆಳ್ಳಂದೂರು ಕೋಡಿಯವರು ವಿರುದ್ಧ ಇರುತ್ತಾರೆ ಎಂದು ಊಹಿಸುತ್ತೇನೆ. ಉಪನ್ಯಾಸಕಿ ಮೇಡಂ ನಿಯಮದ ಪ್ರಕಾರ ಕಳೆದುಕೊಳ್ಳುವುದು ಕಡಿಮೆ ಇರುವ ನೀವೇ ಮೊದಲು, ಸರ್.

ಬೆಳ್ಳಂದೂರು ಕೋಡಿ

ಊಹೆ ಸರಿ, ನಾನು ವಿರುದ್ಧ. ಪ್ರಯತ್ನಿಸುತ್ತೇನೆ.

ನಿಮ್ಮ ವಾದ ಹೀಗಿದೆ: ಈ ಊರಿನ ಕಾರ್ಖಾನೆಗಳಿಗೆ ನೆಲ, ನೀರು, ವಿದ್ಯುತ್ತು ಕೊಟ್ಟದ್ದು ಈ ರಾಜ್ಯ. ರೈತರು ಭೂಮಿ ಬಿಟ್ಟುಕೊಟ್ಟರು. ಆ ರೈತರ ಮಕ್ಕಳಿಗೆ ಅಲ್ಲಿ ಕೆಲಸ ಸಿಗದಿದ್ದರೆ ಅಭಿವೃದ್ಧಿ ಯಾರಿಗಾಗಿ? 1980ರ ದಶಕದ ಸರೋಜಿನಿ ಮಹಿಷಿ ವರದಿಯಿಂದಲೂ ಇದೇ ಬೇಡಿಕೆಯಿದೆ. ಸರ್ಕಾರಗಳು ಮಾತು ಕೊಡುತ್ತಲೇ ಬಂದಿವೆ. ಹೊರರಾಜ್ಯದವರು ಬರುವುದರಿಂದ ಕನ್ನಡದ ಜಾಗ ಕುಗ್ಗುತ್ತಿದೆ, ಅದನ್ನು ತಡೆಯಲು ಕಾನೂನೇ ಬೇಕು.

ಪೀಣ್ಯದ ಫಿಟ್ಟರ್

ಮೊದಲ ಭಾಗ ನನ್ನದೇ. ಕೊನೆಯ ಸಾಲು ನನ್ನದಲ್ಲ.

ಒಡಿಶಾದ ಹುಡುಗರ ಪಕ್ಕದಲ್ಲೇ ಕೆಲಸ ಮಾಡುತ್ತೇನೆ, ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರಲ್ಲಿ ಕೆಲವರ ಕನ್ನಡ ಬೆಳ್ಳಂದೂರಿನ ಕನ್ನಡಕ್ಕಿಂತ ಚೆನ್ನಾಗಿದೆ. ಮಾಲೀಕ ಅವರನ್ನು ಕರೆತರುವುದು ಅವರಿಗೆ ಹೆಚ್ಚು ಕೆಲಸ ಬರುತ್ತದೆ ಎಂದಲ್ಲ. ಲೇಬರ್ ಕಂಟ್ರಾಕ್ಟರ್ ಮೂಲಕ ಬಂದವರು ಕಾರ್ಖಾನೆಯ ಹಿಂದಿನ ಶೆಡ್ಡಿನಲ್ಲೇ ಮಲಗುತ್ತಾರೆ, ಹನ್ನೆರಡು ಗಂಟೆ ದುಡಿಯುತ್ತಾರೆ, ಸಂಘ ಕಟ್ಟುವುದಿಲ್ಲ, ಪಿಎಫ್ ಕೇಳುವುದಿಲ್ಲ, ಊರಿಗೆ ಹೋದರೆ ಲೆಕ್ಕ ಚುಕ್ತಾ. ಐಟಿಐ ಮುಗಿಸಿ ಬಂದ ತುಮಕೂರಿನ ಹುಡುಗ ಇದನ್ನೆಲ್ಲ ಕೇಳುತ್ತಾನೆ. ಅದಕ್ಕೇ ಅವನಿಗೆ ಕೆಲಸವಿಲ್ಲ. ಸ್ಥಳೀಯರನ್ನು ತೆಗೆದುಕೊಳ್ಳಲೇಬೇಕು ಎಂದಾದರೆ ಮಾಲೀಕ ಆ ಕೆಲಸವನ್ನು ಸ್ಥಳೀಯನೊಬ್ಬ ಮಾಡಬಹುದಾದ ಕೆಲಸವನ್ನಾಗಿ ಮಾಡಬೇಕಾಗುತ್ತದೆ. ನನಗೆ ಮಸೂದೆ ಬೇಕಾದದ್ದು ಇದಕ್ಕೆ. ಭಾಷೆಯ ಮಾತು ನನಗೆ ಎರಡನೆಯದು.

ಬೆಳ್ಳಂದೂರು ಕೋಡಿ

ಈ ವಾದವನ್ನು ನಾನು ಎಲ್ಲೂ ಕೇಳಿರಲಿಲ್ಲ. ಮತ್ತೆ ಹೇಳುತ್ತೇನೆ: ಮೀಸಲು ಎಂಬುದು ನಿಮಗೆ ಕೆಲಸದ ಗುಣಮಟ್ಟವನ್ನು ಮೇಲಕ್ಕೆತ್ತುವ ಸನ್ನೆಕೋಲು. ಊರು ಬಿಟ್ಟು ಹೋಗದ, ಪ್ರಶ್ನಿಸಬಲ್ಲ ಕಾರ್ಮಿಕರನ್ನು ಮಾಲೀಕ ತೆಗೆದುಕೊಳ್ಳುವಂತಾದರೆ ಕೂಲಿ, ಪಾಳಿ, ಪಿಎಫ್ ಎಲ್ಲವೂ ಸರಿಯಾಗುತ್ತವೆ. ಸರಿಯೆ?

ಪೀಣ್ಯದ ಫಿಟ್ಟರ್

ಸರಿ. ಈಗ ನಿಮ್ಮದು. ನಿಮ್ಮ ಪ್ರಕಾರ ಕಂಪನಿಗಳಿಗೆ ಬೇಕಾದ ಕೌಶಲ ಇಲ್ಲಿನವರಲ್ಲಿ ಸಾಲದು, ಒತ್ತಾಯಿಸಿದರೆ ಅವು ಹೈದರಾಬಾದಿಗೆ ಹೋಗುತ್ತವೆ, ಆಗ ಇರುವ ಕೆಲಸವೂ ಹೋಗುತ್ತದೆ.

ಬೆಳ್ಳಂದೂರು ಕೋಡಿ

ಅದು ಉದ್ಯಮ ಸಂಘಗಳ ವಾದ, ನನ್ನದಲ್ಲ. ಕಂಪನಿ ಹೋಗುವುದಾಗಿ ಹೆದರಿಸುವುದನ್ನು ಇಪ್ಪತ್ತು ವರ್ಷಗಳಿಂದ ಕೇಳುತ್ತಿದ್ದೇನೆ. ರಸ್ತೆ ನೋಡಿಯೇ ಹೋಗದವು ಇದಕ್ಕೆ ಹೋಗುತ್ತವೆಯೇ?

ನನ್ನ ಆಕ್ಷೇಪ ಎರಡು. ಒಂದು, ಹರಿಯಾಣ ಶೇ 75 ಮೀಸಲಿನ ಇಂಥದೇ ಕಾನೂನು ಮಾಡಿತ್ತು. ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ 2023ರ ನವೆಂಬರ್‌ನಲ್ಲಿ ಅದನ್ನು ಸಂವಿಧಾನಬಾಹಿರವೆಂದು ರದ್ದುಪಡಿಸಿತು. ನಿಲ್ಲದ ಕಾನೂನಿಗಾಗಿ ನಿಮ್ಮಂಥವರ ಶಕ್ತಿ ವ್ಯರ್ಥವಾಗುತ್ತದೆ. ಇನ್ನೊಂದು, ಮಸೂದೆಯ ವ್ಯಾಖ್ಯೆಯಲ್ಲಿ ಸ್ಥಳೀಯ ಎಂದರೆ ಇಲ್ಲಿ ಹುಟ್ಟಿ, ಹದಿನೈದು ವರ್ಷ ನೆಲೆಸಿ, ಕನ್ನಡ ಓದಿ ಬರೆದು ಮಾತನಾಡಬಲ್ಲವನು. ಪೀಣ್ಯದಲ್ಲೇ ವರ್ಷಗಟ್ಟಲೆ ದುಡಿದು ಕನ್ನಡ ಕಲಿತ ನಿಮ್ಮ ಆ ಒಡಿಶಾದ ಹುಡುಗ ಇದರೊಳಗೆ ಬರುವುದಿಲ್ಲ, ಏಕೆಂದರೆ ಅವನು ಇಲ್ಲಿ ಹುಟ್ಟಿಲ್ಲ. ಅವನನ್ನು ಹೊರಗಿಟ್ಟ ಕಾನೂನು ಅವನನ್ನು ಕಂಟ್ರಾಕ್ಟರನ ಕೈಗೇ ಒಪ್ಪಿಸುತ್ತದೆ.

ಪೀಣ್ಯದ ಫಿಟ್ಟರ್

ಎರಡನೆಯದಕ್ಕೆ ನನ್ನ ಬಳಿ ತಕ್ಷಣ ಉತ್ತರವಿಲ್ಲ. ಮೊದಲನೆಯದಕ್ಕಿದೆ: ಕೋರ್ಟಿನಲ್ಲಿ ಬಿದ್ದರೂ ಬೇಡಿಕೆ ಬೀಳುವುದಿಲ್ಲ, ಮುಂದಿನ ಸಲ ಬೇರೆ ರೀತಿಯಲ್ಲಿ ಬರೆಯುತ್ತಾರೆ.

ಕೆಂಗೇರಿ ಉಪನ್ಯಾಸಕಿ

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಇಬ್ಬರಿಗೂ ಬೇಡವಾಗಿರುವುದು ಶೆಡ್ಡಿನಲ್ಲಿ ಮಲಗಿಸಿ ಹನ್ನೆರಡು ಗಂಟೆ ದುಡಿಸುವುದು. ಗುತ್ತಿಗೆ ಕಾರ್ಮಿಕರ ಕಾನೂನು 1970ರಲ್ಲೇ ಬಂದಿತ್ತು, ಅಂತರರಾಜ್ಯ ವಲಸೆ ಕಾರ್ಮಿಕರದು 1979ರಲ್ಲಿ. ಅವು ಇದ್ದಾಗಲೂ ಶೆಡ್ಡುಗಳಿದ್ದವು. ಕಾರ್ಮಿಕ ನಿರೀಕ್ಷಕ ನಿಮ್ಮ ಕಾರ್ಖಾನೆಗೆ ಕೊನೆಯ ಸಲ ಬಂದದ್ದು ಯಾವಾಗ?

ಪೀಣ್ಯದ ಫಿಟ್ಟರ್

ಬಂದದ್ದನ್ನು ನಾನಂತೂ ನೋಡಿಲ್ಲ, ಮೇಡಂ. ಕಡತದಲ್ಲಿ ಬಂದಿರಬಹುದು.

ಮಾಗಡಿ ರಸ್ತೆ ಮೇಷ್ಟ್ರು

ಕಾವಲಾಳು ಇಲ್ಲ ಎಂದಾಯಿತು.

ಬೆಳ್ಳಂದೂರು ಕೋಡಿ

ಫಿಟ್ಟರ್ ಅವರೇ, ಹಾಗಾದರೆ ನಿಮ್ಮ ವಲಯದ ಕಾರ್ಖಾನೆಗಳ ತಪಾಸಣೆಯ ವಿವರ ಕೇಳಿ ಮಾಹಿತಿ ಹಕ್ಕಿನಡಿ ಅರ್ಜಿ ಹಾಕೋಣವೇ? ಕರಡು ನಾನು ಬರೆಯುತ್ತೇನೆ. ಅರ್ಜಿಯಲ್ಲಿ ನಿಮ್ಮ ಹೆಸರು ಬೇಡ, ಕೆಲಸಕ್ಕೆ ಕುತ್ತು ಬರಬಹುದು. ನನ್ನ ಹೆಸರಿನಲ್ಲೇ ಹೋಗಲಿ. ಮಸೂದೆಯ ವಿಷಯದಲ್ಲಿ ನಾನು ಈಗಲೂ ವಿರುದ್ಧವೇ.

ಪೀಣ್ಯದ ಫಿಟ್ಟರ್

ನಾನು ಈಗಲೂ ಪರವೇ. ಅರ್ಜಿಯಲ್ಲಿ ಗುತ್ತಿಗೆದಾರರ ಪರವಾನಗಿ ಪಟ್ಟಿಯನ್ನೂ ಕೇಳಿ. ಬರೀ ತಪಾಸಣೆಯ ದಿನಾಂಕ ಕೇಳಿದರೆ ಒಂದು ಸಾಲಿನ ಉತ್ತರ ಬರುತ್ತದೆ. ನನಗೆ ಈ ವಾರ ರಾತ್ರಿ ಪಾಳಿ, ಕರಡು ಹಾಕಿದರೆ ಬೆಳಿಗ್ಗೆ ಬಂದು ನೋಡುತ್ತೇನೆ.